ಚಿಲಕ ಹಾಕಿ ಹೋಗುತ್ತಿದ್ದವರು

ನಮ್ಮ ಪಕ್ಕದ ಮನೆಯಾಕೆಯ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಹೆಚ್ಚು ಸವೆದಿತ್ತು. ಹಾಡುವಾಗ ಆ ಹಿಮ್ಮಡಿಯಲ್ಲೇ ತಾಳ ಕುಟ್ಟುತ್ತಿದ್ದರು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸಾವಿರಾರು ಕುರಿಗಳ ನಡುವೆ ಬೆಳೆದವರು. ಉಣ್ಣೆ ಕತ್ತರಿಸುವ ತಗಡಿನ ಕೊಟ್ಟಿಗೆಯಲ್ಲಿ ಅಣ್ಣಂದಿರೊಂದಿಗೆ ಶುರುಮಾಡಿದ ಬ್ಯಾಂಡನ್ನು, ಗಂಡ ಮತ್ತು ಮೈದುನನನ್ನು ಸೇರಿಸಿಕೊಂಡು ಇಲ್ಲಿ, ಐರಿಷ್ ಊರಾದ ಬ್ಲಾಂಚರ್ಡ್ಸ್‌ಟೌನಿನ ಗ್ಯಾರೇಜಿನಲ್ಲಿ ಮತ್ತೆ ಕಟ್ಟಿದ್ದರು. ಹಾಡುಗಳಲ್ಲಿ ಬರೀ ಧೂಳು, ಬತ್ತಿದ ಹೊಳೆ, ಮೈಲಿಗಟ್ಟಲೆ ಬೇಲಿ. ಹೊರಗೆ ಜಿಟಿಜಿಟಿ ಮಳೆ.

ನಮ್ಮಲ್ಲಿಗೆ ಬಂದರೆ ಮುಂದಿನ ಪುಟ್ಟ ಗೇಟಿನ ಚಿಲಕ ಹಾಕದೆ ಹೋದವರಲ್ಲ. "ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗ್ಬೇಕು. ಇಲ್ಲದಿದ್ರೆ ಯಾರದೋ ಕುರಿ ಯಾರದೋ ಹಿಂಡು ಸೇರತ್ತೆ" ಎನ್ನುತ್ತಿದ್ದರು. ನನ್ನ ಹನ್ನೊಂದು ವರ್ಷದ ಕುರಿ ಆಗಲೇ ಅವರ ಹಿಂಡು ಸೇರಿತ್ತು.

ನಾನು ಕಾನ್ವೆಂಟಿನ ಕಾಯರ್‌ನಲ್ಲಿ ಆರು ವರ್ಷ ಕೈಕಟ್ಟಿ ನಿಂತು ಹಾಡಿದವಳು. ಮಗಳಿಗೆ ದೇವರನಾಮ ಹೇಳಿಕೊಡಹೋದರೆ, "ಯೂ ಕೀಪ್ ಕರೆಕ್ಟಿಂಗ್ ಮಿ, ಅಮ್ಮಾ! ಆಂಟಿ ಹತ್ರ ತಪ್ಪಾದ್ರೂ ಗ್ರ್ಯಾಂಡ್" ಎಂದು ಪ್ರತಿ ಶನಿವಾರ ಅಲ್ಲಿಗೇ ಓಟ. ನಾನು ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದೆ. ಆಮೇಲೆ ಒಂದು ಬೆರಳಷ್ಟು ತೆರೆದು ಕೇಳುತ್ತಿದ್ದೆ.

ಒಂದು ದಿನ ಅವರೇ ಬಂದರು. ಮಗಳು ಅಲ್ಲಿ ಗುನುಗುತ್ತಿದ್ದ ಒಂದು ಧಾಟಿ ಹಿಡಿಸಿತಂತೆ; ಹೊಸ ಹಾಡಿನ ಮೊದಲಿಗೆ ಅದನ್ನು ಅವಳಿಂದಲೇ ಹಾಡಿಸುವ ಆಸೆ. "ನಿಮ್ಮಮ್ಮನ ಜೋಗುಳವಂತೆ. ನಿಮ್ಮನ್ನ ಕೇಳದೆ ಮುಟ್ಟಲ್ಲ."

ಮಗಳೂ ಸಾಲದು, ಅಮ್ಮನ ಜೋಗುಳವೂ ಬೇಕೆ? "ಬೇಡ, ಅದು ಮನೆಯೊಳಗಿಂದು" ಎಂದೆ, ನಗುತ್ತಲೇ.

"ಸರಿ" ಎಂದರು. ಚಿಲಕ ಹಾಕಿ ಹೋದರು.

ಚರ್ಚಿನ ಪ್ಯಾರಿಷ್ ಹಾಲ್‌ನ ಕಾರ್ಯಕ್ರಮದಲ್ಲಿ ಆ ಹಾಡಿನ ಸರದಿ ಬಂದಾಗ ಮಗಳು ಮೈಕಿನ ಮುಂದೆ ಬಾಯಿ ಮುಚ್ಚಿ ನಿಂತಳು. ಗಿಟಾರೂ ಸುಮ್ಮನಿತ್ತು. ಜೋಗುಳದ ಜಾಗದಲ್ಲಿ ಬೂಟಿನ ಟಕ್ ಟಕ್ ಮಾತ್ರ. ಬೇರೇನನ್ನೂ ಅಲ್ಲಿ ತುಂಬಿರಲಿಲ್ಲ ಅವರು. ಮಗಳು ನನ್ನ ಕಡೆ ನೋಡಲಿಲ್ಲ.

ಹೂಂ ಎನ್ನಲು ಎರಡು ಚಳಿಗಾಲ ತೆಗೆದುಕೊಂಡೆ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಮಗಳನ್ನು ಕರೆದುಕೊಂಡು ಹೋಗಿ, "ಜೋಗುಳ ತಗೊಳ್ಳಿ" ಎಂದೆ.

"ನನ್ನ ಹತ್ರ ಉಸಿರೆಲ್ಲಿದೆ? ನೀವೇ ಹಾಡಿ."

ಕೈಕಟ್ಟಿ ನಿಂತು ಹಾಡಿದೆ. ನಡುವೆ ಶ್ರುತಿ ತಪ್ಪಿ ನಿಲ್ಲಿಸಹೋದೆ. ಹೊದಿಕೆಯಡಿ ಆ ಬಲಗಾಲು ತಾಳ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳು ಮುಂದಿನ ಸಾಲು ಎತ್ತಿಕೊಂಡಳು.

ಅದಾಗಿ ಒಂದು ತಿಂಗಳಿಗೆ ಅವರು ತೀರಿಕೊಂಡರು. ಮಗಳು ಈಗ ಅವರ ಗಂಡನ ಗಿಟಾರಿನ ಜೊತೆ ಆ ಹಾಡನ್ನು ಜೋಗುಳ ಸಮೇತ ಹಾಡುತ್ತಾಳೆ. ತಾಳ ಬಲ ಹಿಮ್ಮಡಿಯಲ್ಲೇ. ನನ್ನಂತೆ ಕೈಕಟ್ಟಿ ನಿಂತದ್ದು ಒಂದು ದಿನವೂ ಇಲ್ಲ. ನನಗೆ ಈಗಲೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಆದರೆ ಶನಿವಾರ ಬೆಳಗ್ಗೆ ಅವಳು ಹೊರಡುವ ಮೊದಲೇ ಗೇಟಿನ ಚಿಲಕ ನಾನೇ ತೆಗೆದಿಡುತ್ತೇನೆ.