ಹೇಮಲತಾ ನಂಬದ ಬೆಳಕು

ಒಳ್ಳೆಯ ಸುದ್ದಿ ಕೇಳಿದ ಕೂಡಲೇ ಹೇಮಲತಾ ಅವರ ಹುಬ್ಬು ಗಂಟಿಕ್ಕುತ್ತಿತ್ತು. ನನ್ನ ಮೊಮ್ಮಗಳು ತರಗತಿಗೇ ಮೊದಲಿಗಳಾದಳೆಂದು ಪೇಡ ಕೊಡಲು ಹೋದಾಗ, ಅದನ್ನು ಬಾಯಿಗಿಡುವ ಮೊದಲು "ಪ್ರಶ್ನೆಪತ್ರಿಕೆ ಸುಲಭ ಇತ್ತಾ, ಪುಟ್ಟಿ?" ಎಂದು ವಿಚಾರಿಸಿದ್ದರು. ಮಗು ಮುನಿಸಿಕೊಂಡಿತು. ನನಗೆ ಮಾತ್ರ, ಮಹಡಿಯ ಮನೆಗೆ ತಕ್ಕ ಬಾಡಿಗೆದಾರರು ಸಿಕ್ಕಿದರು ಎನಿಸಿತು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಉಳಿದದ್ದನ್ನು ಗ್ರಂಥಾಲಯದ ಬೆಂಚಿನ ಮೇಲೆ ಓದಿಕೊಂಡವನು ನಾನು. ಅಚ್ಚಾದ ಮಾತ್ರಕ್ಕೆ ಯಾವುದನ್ನೂ ಒಪ್ಪುವವನಲ್ಲ. ಪಟ್ಟಂದೂರು ಅಗ್ರಹಾರದಲ್ಲಿ ಇದಕ್ಕಾಗಿ ನನ್ನನ್ನು ಗೇಲಿ ಮಾಡುವವರೇ ಹೆಚ್ಚು.

ಐವತ್ತರ ಹತ್ತಿರದ ಆ ಒಂಟಿ ಹೆಂಗಸು ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದರು. ಹೊಸ ಔಷಧದ ಅಣು ದೇಹದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ಬೆಳಕಿನ ನೆರವಿನಿಂದ ಪರೀಕ್ಷಿಸುವುದು ಅವರ ಕೆಲಸ.

"ಕಣ್ಣಿಗೇ ಕಾಣ್ದಿರೋದು ಇನ್ನೊಂದಕ್ಕೆ ಅಂಟ್ಕೊಂಡೈತೆ ಅಂತ ಎಂಗಮ್ಮ ಗೊತ್ತಾಯ್ತದೆ?" ಎಂದು ಒಮ್ಮೆ ಕೇಳಿದೆ. ಆಗ ನಮ್ಮ ಗಲ್ಲಿಯಲ್ಲಿ ನೀರಿನ ಟ್ಯಾಂಕರೊಂದು ತಿರುಗಲಾರದೆ ಹಿಂದೆಮುಂದೆ ಒದ್ದಾಡುತ್ತಿತ್ತು.

"ಅಲ್ಲಿ ನೋಡಿ ಗೌಡ್ರೇ. ಸ್ಕೂಟರ್ ಆಗಿದ್ರೆ ಗಿರ್ರಂತ ತಿರುಗಿಬಿಡೋದು. ಅದೇ ಸ್ಕೂಟರನ್ನ ಈ ಟ್ಯಾಂಕರಿಗೆ ಕಟ್ಟಿಬಿಟ್ರೆ? ಔಷಧದ ಅಣು ಸ್ಕೂಟರ್. ಅದಕ್ಕೊಂದು ಹೊಳೆಯೋ ಬಣ್ಣ ಅಂಟಿಸಿ, ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕು ಹಾಕ್ತೀವಿ. ಒಂಟಿಯಾಗಿದ್ರೆ ಬೆಳಕು ವಾಪಸ್ ಕೊಡೋದ್ರೊಳಗೆ ತಿರುಗಿಬಿಟ್ಟಿರುತ್ತೆ, ದಿಕ್ಕು ಚೆಲ್ಲಾಪಿಲ್ಲಿ. ದೊಡ್ಡ ಪ್ರೋಟೀನಿಗೆ ಅಂಟಿಕೊಂಡಿದ್ರೆ ತಿರುಗೋಕೆ ಪುರುಸೊತ್ತಿಲ್ಲ. ಬೆಳಕಿನ ದಿಕ್ಕು ಬಹುಮಟ್ಟಿಗೆ ಹಾಗೇ ಉಳಿಯುತ್ತೆ."

ಹುಬ್ಬು ಗಂಟಿಕ್ಕದೆ ಅವರು ಸಂತೋಷಪಟ್ಟದ್ದನ್ನು ಒಂದೇ ಸಲ ಕಂಡಿದ್ದೇನೆ. ಅಂದು ಸಂಜೆ ಮೈಸೂರುಪಾಕಿನ ಡಬ್ಬ ಹಿಡಿದು ಮೆಟ್ಟಿಲ ಬಳಿಯೇ ನಿಂತಿದ್ದರು. "ಅಂಟಿಕೊಂಡಿದೆ ಗೌಡ್ರೇ. ಇಷ್ಟು ಚೆನ್ನಾಗಿ ಅಂಟಿದ್ದನ್ನ ನಾನು ನೋಡೇ ಇಲ್ಲ." ಕಂಪನಿಯಲ್ಲಿ ಚಪ್ಪಾಳೆ ತಟ್ಟಿದರಂತೆ. ಔಷಧ ಮುಂದಿನ ಹಂತಕ್ಕೆ ಹೋಗುವುದು ಖಾತ್ರಿಯಾಯಿತಂತೆ.

ಮುಂದಿನ ವಾರ ಅವರು ಊಟ ಬಿಟ್ಟರು. ಮಾತನಾಡಿಸಲು ಹೋದರೆ ಅಡುಗೆಮನೆಯ ದೀಪ ಆರಿಸಿ, ಎರಡು ಲೋಟ ನೀರಿಟ್ಟುಕೊಂಡು ಕೂತಿದ್ದರು. ಒಂದಕ್ಕೆ ಹೊಳೆಯುವ ಪೆನ್ನಿನ ಶಾಯಿ, ಇನ್ನೊಂದಕ್ಕೆ ಹಾಲಿನ ಹನಿ ಬಿದ್ದಿತ್ತು. ಒಂದೇ ದಿಕ್ಕಿನ ಬೆಳಕನ್ನಷ್ಟೇ ಬಿಡುವ ತಂಪು ಕನ್ನಡಕದ ಒಂದು ಗಾಜಿನ ಮೂಲಕ ಟಾರ್ಚಿನ ಬೆಳಕು ಹಾಯಿಸಿ, ಇನ್ನೊಂದು ಗಾಜನ್ನು ನನ್ನ ಕೈಗೆ ಕೊಟ್ಟು, ಪಕ್ಕದಿಂದ ನೋಡುತ್ತಾ ತಿರುಗಿಸಿರಿ ಎಂದರು. ಶಾಯಿಯ ಹೊಳಪು ಹೆಚ್ಚು ಬದಲಾಗಲಿಲ್ಲ. ಹಾಲಿನ ನೀರು ಮಾತ್ರ ಗಾಜು ತಿರುಗಿದಂತೆ ಕಪ್ಪಾಯಿತು, ಮತ್ತೆ ಬೆಳಗಿತು.

"ಕಲಕು ನೀರು ಬೆಳಕನ್ನ ದಿಕ್ಕು ಕೆಡಿಸದೇ ಎರಚುತ್ತೆ. ನಮ್ಮ ಪ್ರೋಟೀನ್ ಮುದ್ದೆಗಟ್ಟಿ ಕಲಕಾಗಿತ್ತು. ಯಂತ್ರ ಆ ಎರಚಿದ ಬೆಳಕನ್ನೇ ಲೆಕ್ಕಕ್ಕೆ ತಗೊಂಡು, ಅಂಟಿದೆ ಅಂತು." ಟಾರ್ಚು ಆರಿಸಿ ಹೇಳಿದರು: "ಇವತ್ತು ಔಷಧಾನೇ ಹಾಕದೆ ನೋಡಿದೆ ಗೌಡ್ರೇ. ಆಗಲೂ ಅಂಟಿದೆ ಅಂತು."

ನಾನು ಎದ್ದು ಅಡುಗೆಮನೆಯ ದೀಪ ಹಾಕಿದೆ.

"ಮೇಲಿನೋರಿಗೆ ಯೇಳಿದ್ರಾ?"

"ಹೇಳ್ದೆ. ಅಂಟದೆ ಇರೋ ಔಷಧ ವಾಸಿ ಮಾಡಲ್ಲ, ಕೆಡುಕು ಮಾತ್ರ ಮಾಡಬಹುದು, ಇಲ್ಲೇ ನಿಲ್ಲಿಸಿ ಅಂದೆ. ಚಪ್ಪಾಳೆ ತಟ್ಟಿಸಿಕೊಂಡಾಗ ಬರದ ಅನುಮಾನ ಈಗ್ಯಾಕೆ ಮೇಡಂ, ಅಂದ್ರು."

ಅನಂತರದ ದಿನಗಳಲ್ಲಿ ಎದುರುಮನೆಯ ನೆರಳಲ್ಲಿ ಬಿಳಿಯ ಕಾರೊಂದು ಬಂದು ನಿಲ್ಲತೊಡಗಿತು. ಅದರಿಂದ ಯಾರೂ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಂಪನಿಯ ಗೇಟು ಅವರ ಕಾರ್ಡಿಗೆ ತೆರೆಯಲಿಲ್ಲ. ಅದೇ ಮಧ್ಯಾಹ್ನ ಎರಡು ಸೂಟ್‌ಕೇಸುಗಳೊಂದಿಗೆ ಆಟೋ ಹತ್ತಿದರು. ಸರ್ಜಾಪುರದ ತಂಗಿಯ ಮನೆಗೆ ಎಂದರು.

"ನೀವು ಫೋನ್ ಮಾಡ್ಬೇಡಿ, ನಾನೇ ಮಾಡ್ತೀನಿ. ಮೈಸೂರುಪಾಕು ಕೊಟ್ಟಿದ್ದು ನನ್ನದೇ ತಪ್ಪು." ನಗಲು ಯತ್ನಿಸಿದರು. ಕರೆ ಬರಲಿಲ್ಲ. ಆ ಕಾರೂ ಮತ್ತೆ ಬರಲಿಲ್ಲ.

ಅವರ ತಲೆ ಕೆಟ್ಟಿತ್ತು, ತಾವಾಗಿಯೇ ಕೆಲಸ ಬಿಟ್ಟರು ಎಂಬುದು ಕಂಪನಿ ಹೇಳಿದ ಕಥೆ. ಬೀದಿಯೂ ಅದನ್ನೇ ನಂಬಿತು. ನಾನು ಗಾಜು ತಿರುಗಿಸಿ ನೋಡಿದವನು, ನಂಬಲಿಲ್ಲ.

ವರ್ಷ ಕಳೆದ ಮೇಲೆ, ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಪ್ರಶಾಂತ ನಮ್ಮ ಮನೆಗೆ ಬಂದ. ಮೇಡಂ ಎಲ್ಲಿದ್ದಾರೆಂದು ಅವನಿಗೂ ತಿಳಿಯದು.

"ಆ ಔಷಧ ಏನಾಯ್ತಪ್ಪ?"

"ಇಲಿಗಳ ಮೇಲಿನ ಪರೀಕ್ಷೆ ಮುಗೀತು ಸಾರ್." ಅವನು ನನ್ನ ಮುಖ ನೋಡಲಿಲ್ಲ. "ಈಗ ಜನ ಬೇಕು. ಕಾಯಿಲೆ ಇಲ್ಲದ, ಗಟ್ಟಿಮುಟ್ಟಾದ ಹುಡುಗರು. ದುಡ್ಡೂ ಕೊಡ್ತಾರೆ. ನಿಮ್ಮ ಬಾಡಿಗೆ ರೂಮುಗಳಲ್ಲಿ ಯಾರಾದ್ರೂ ಇದ್ರೆ ಅಂತ…"

ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ ಬಾಡಿಗೆಯ ಹುಡುಗ ಮಹೇಶ ತಲೆಯೆತ್ತಿದ. "ಊಟ, ಇರೋದು ಎಲ್ಲ ಅವರದೇನಾ ಸಾರ್?"

"ಬ್ಯಾಡ ಕಣೋ ಮಯೇಶ," ಎಂದೆ. "ಆ ಔಷಧ ಸುಳ್ಳು."

"ಬಿಡಿ ಗೌಡ್ರೇ, ನೀವು ಯಾವುದನ್ನ ನಂಬಿದೀರಿ?" ಎಂದು ಅವನು ನಕ್ಕ.

ಅವರ ಬಾಯಿಂದಲೇ ಕೇಳಲಿ ಎಂದು ನಾನು ಹೇಮಲತಾ ಅವರ ಸಂಖ್ಯೆಗೆ ಕರೆ ಮಾಡಿ ಮೊಬೈಲನ್ನು ಅವನ ಕಿವಿಗೆ ಹಿಡಿದೆ. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಕನ್ನಡದಲ್ಲಿ ಹೇಳಿತು, ಬಳಿಕ ಇಂಗ್ಲಿಷಿನಲ್ಲಿ. ಮಹೇಶ ನನ್ನ ಮೇಲಿನ ಮರ್ಯಾದೆಗೆ ಅದು ಮುಗಿಯುವವರೆಗೂ ಕೇಳಿಸಿಕೊಂಡ. ಆಮೇಲೆ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪ್ರಶಾಂತನ ಬಳಿಗೆ ಹೋದ.