ತಿರುಗಾಕಿ ಚಂದಮ್ಮನ ಎರಡು ತೋಳಿನ ಜೋಳಿಗಿ

ವಾಡಿ ಸ್ಟೇಷನ್ ಹಿಂದಿನ ಓಣ್ಯಾಗ ಚಂದಮ್ಮಗ ಮಂದಿ ಇಟ್ಟ ಹೆಸರು ತಿರುಗಾಕಿ. ಇಟ್ಟವರ ಬಾಯಾಗ ಮಣ್ಣ ಬೀಳಲಿ! ಗಂಡಸು ಊರೂರು ತಿರುಗಿದ್ರ ಅಂವ ಸಂಚಾರ ಮಾಡ್ಯಾನ, ಲೋಕ ನೋಡ್ಯಾನ, ನಾಕು ಮಂದ್ಯಾಗ ಅವಗ ಕುರ್ಚಿ ಹಾಕ್ತಾರ. ಹೆಣಮಗಳು ಅದೇ ರೈಲಿನಾಗ ಅದೇ ಊರಿಗಿ ಹೋಗಿ ಬಂದ್ರ ತಿರುಗಾಕಿ. ಇದು ಯಾವ ಊರಿನ ನ್ಯಾಯರೀ? ಈ ಒಂದು ಮಾತಿನಿಂದ ಆಕಿ ಏನ ಕಳಕೊಂಡಳು ಅನ್ನೂದು ಕೇಳ್ರಿ, ಕೇಳಿದ ಮ್ಯಾಲ ನೀವೇ ಹೇಳ್ರಿ.

ಚಂದಮ್ಮ ಭಂಕೂರದ ಲಿಂಗವಂತರ ಮನಿ ಮಗಳು. ವಾಡಿಗಿ ಕೊಟ್ಟಿದ್ರು. ಗಂಡ ಪರ್ಸಿ ಕಲ್ಲಿನ ಖಣಿಯಾಗ ದುಡೀತಿದ್ದ, ಮಕ್ಕಳಾಗೂ ಮೊದಲೇ ಎದಿಬ್ಯಾನಿ ಹತ್ತಿ ಹೋಗಿಬಿಟ್ಟ. ಚಂದಮ್ಮ ಮೂಲ್ಯಾಗ ಅಳಕೋತ ಕುಂದ್ರೂ ಪೈಕಿ ಅಲ್ಲ. ಸ್ಟೇಷನ್ ಎದುರಿನ ಖಾನಾವಳ್ಯಾಗ ಜ್ವಾಳದ ರೊಟ್ಟಿ ಬಡಿಲಿಕ್ಕ ನಿಂತಳು. ಆಕಿ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಇಂಜಿನ್ ಡ್ರೈವರಗೋಳು ಗಾಡಿ ಬಿಟ್ಟು ಇಳೀತಿದ್ರು ಅಂತಾರ. ಜರಾ ಹೆಚ್ಚಿನ ಮಾತೇ ಇದ್ದೀತು, ಆದ್ರ ಆ ರೊಟ್ಟಿ ಅಂಥಾದೇ ಇತ್ತು.

ಎಪ್ಪತ್ತೈದ-ಎಪ್ಪತ್ತಾರರ ಸುಮಾರಿಗೆ ಹಿಪ್ಪಿಗೋಳು ಅಂತ ಬರ್ತಿದ್ರಲ್ಲ, ಅವರೂ ವಾಡಿಯಾಗ ಇಳದು ಹೈದರಾಬಾದಿನ ಗಾಡಿ ಕಾಯ್ತಿದ್ರು. ಒಂದಿನ ಒಬ್ಬಾಕಿ ಬಿಳಿ ಹುಡಿಗಿ ಬೆನ್ನಿಗಿ ದೊಡ್ಡ ಚೀಲಾ ಹಾಕ್ಕೊಂಡು ಖಾನಾವಳಿಗಿ ಬಂದಳು. ಒಣಗಿಸಿದ ಕಟಕ ರೊಟ್ಟಿ ಮ್ಯಾಲ ಪುಂಡಿಪಲ್ಯ ಇಟ್ಟು ಕೊಟ್ರ, ಪಲ್ಯ ಅಷ್ಟೇ ತಿಂದು ರೊಟ್ಟಿ ತಾಟು ಅಂತ ತಿಳಕೊಂಡು ಹಂಗೇ ಬಿಟ್ಟಳು. ಚಂದಮ್ಮ ಒಲಿ ಮುಂದಿಂದ ಎದ್ದು ಬಂದಳು. "ಏ ಹುಚ್ಚಿ, ತಾಟಲ್ಲ ಅದು, ಅನ್ನ!" ಅಂತ ಮುರದು ಬಾಯಿಗಿಟ್ಟಳು. ಹುಡಿಗಿ ನಕ್ಕೋತ ಮತ್ತೆರಡು ತಿಂದಳು. ಟಿಕೀಟ್ ಕಲೆಕ್ಟರ್ ಅಲ್ಲೇ ಉಣ್ಣಲಿಕತ್ತಿದ್ದ. ಅಂವ ಇಂಗ್ಲಿಷಿನಾಗ ಮಾತಾಡಿಸಿ, "ಇಕಿ ತನ್ನ ದೇಶ ಬಿಟ್ಟು ಒಬ್ಬಾಕೀನೇ ಬಂದಾಳ ನೋಡ್ರಿ, ಬಸ್ಸಿನಾಗ, ಲಾರ್‍ಯಾಗ, ನಡಕೋತ. ನೇಪಾಳನೂ ನೋಡಿ ಬಂದಾಳ. ಮನಿಗಿ ಹೋಗಿ ಭಾಳ ದಿನಾ ಆಗ್ಯದಂತ" ಅಂದ. ಖಾನಾವಳಿ ಮಾಲಕ ಖೊಕ್ಕಂತ ನಕ್ಕ. ಚಂದಮ್ಮ ನಗಲಿಲ್ಲ. ಆ ಚೀಲಾನೇ ನೋಡಕೋತ ನಿಂತಳು, ಒಂದು ಸಲ ಎತ್ತಿ ತೂಕಾನೂ ನೋಡಿದಳು.

ಬಾಜೂ ಮನಿ ರಶೀದಾಬೇಗಂ ಹೊಲಿಗಿ ಮಿಷನ್ ಇಟ್ಟಿದ್ದಳು. ಹಳೇ ತಾಡಪತ್ರಿ ತುಂಡು ಒಯ್ದು ಕೊಟ್ಟು ಚಂದಮ್ಮ, "ನನಗೊಂದು ಜೋಳಿಗಿ ಹೊಲಿ. ಎರಡು ತೋಳಿಂದು, ಬೆನ್ನಿಗಿ ಬರಬೇಕು" ಅಂದಳು. "ಜೋಳಿಗಿ ಭಿಕ್ಷಾ ಬೇಡೂ ನಿಮ್ಮ ಅಯ್ಯನೋರದಲ್ಲೇನವ್ವಾ? ನಿನಗ್ಯಾಕ?" ಅಂದಳು ರಶೀದಾ. "ನೇಪಾಳಕ್ಕ ಹೋಗ್ತೀನಿ. ಅಲ್ಲಿಗಿ ಹೋಗಲಿಕ್ಕ ಕಾಗದಪತ್ರ ಬೇಕಾಗಿಲ್ಲಂತ." ರಶೀದಾ ಮಿಷನ್ ನಿಲ್ಲಿಸಿ ಆಕಿ ಮುಖಾ ನೋಡಿದಳು. ಹುಚ್ಚು ಹಿಡದಿಲ್ಲ ಅಂತ ಖಾತ್ರಿ ಆದ ಮ್ಯಾಲ ದುಪ್ಪಟ್ಟು ಹೊಲಿಗಿ ಹಾಕಿ ಕೊಟ್ಟಳು.

ಚಂದಮ್ಮ ಹ್ಯಾಂಗ ಹೋಗಿ ಬಂದಳು ಅನ್ನೂದು ಈಗಿನ ಶಾಣ್ಯಾ ಮಂದಿ ಕಲಿಬೇಕು. ಜೋಳಿಗ್ಯಾಗ ಮೈ ಮ್ಯಾಲಿಂದು ಬಿಟ್ರ ಇನ್ನೊಂದೇ ಸೀರಿ. ಒಂದು ಒಣಗೂತನಕಾ ಇನ್ನೊಂದು. ಉಳಿದ ಜಾಗಾದಾಗೆಲ್ಲ ಕಟಕ ರೊಟ್ಟಿ ಮತ್ತ ಶೇಂಗಾ ಹಿಂಡಿ ಅನ್ನೂ ಚಟ್ನಿಪುಡಿ, ಎರಡೂ ಕೆಡೂ ಮಾತೇ ಇಲ್ಲ. ರೊಕ್ಕದ ಗಂಟು ಕುಪ್ಪಸದ ಒಳಗ. ಸೆರಗಿನ ತುದಿಗಿ ಇನ್ನೊಂದು ಸಣ್ಣ ಗಂಟು, ಕಳ್ಳರಿಗಿ ತೋರಸಲಿಕ್ಕ! ಹೊಸ ಊರಾಗ ಇಳದ್ರ ಗುಡಿಗಿ ಹೋಗೂ ಮೊದಲು ನಳ ಎಲ್ಲದ ನೋಡೂದು. ನಳದ ಹತ್ರ ಹೆಣಮಕ್ಕಳು ಇರ್ತಾರ, ಮಲಗಲಿಕ್ಕ ಯಾವ ಜಾಗಾ ಚಲೋ, ಯಾವ ಜಾಗಾ ಖೋಟಿ ಅನ್ನೂದು ಅವರಿಗೇ ಗೊತ್ತಿರ್ತದ. ಗಂಡಸರಿಗಿ ದಾರಿ ಕೇಳಬಾರದು, ಗೊತ್ತಿಲ್ಲದಿದ್ರೂ ಕೈ ತೋರಸ್ತಾರ. ಧರ್ಮಶಾಲಿಗಿ ಹೋದ್ರ ಕೈ ಚಾಚಿ ಕುಂದ್ರೂದಲ್ಲ. ಸೀದಾ ಅಡಿಗಿ ಮನಿಗಿ ಹೋಗಿ ಹಿಟ್ಟು ನಾದೂದು. ಕಾಶಿಯಾಗ ಹಂಗೇ ಮಾಡಿದಳು, ಬ್ಯಾಸಗಿ ಪೂರಾ ಅಲ್ಲೇ ಉಂಡಳು, ಹೊಂಡೂ ಮುಂದ ಅಡಿಗಿ ಭಟ್ಟ ಕಣ್ಣೀರ ಹಾಕಿದ.

ರೈಲಿನಾಗ ಯಾರರೆ ಬಾಜೂ ಬಂದು ಕುಂತು ಹಲ್ಲ ಕಿಸದ್ರ, "ಗಂಡ ನೀರ ತರಲಿಕ್ಕ ಇಳದಾನ, ಬಂದ" ಅಂತಿದ್ದಳು. ಬದಕಿದ್ದಾಗ ಆ ಮನಷ್ಯಾ ಒಂದು ಕೊಡ ನೀರ ತಂದವ ಅಲ್ಲ, ಸತ್ತ ಮ್ಯಾಲ ಬರೋಬ್ಬರಿ ಕೆಲಸಕ್ಕ ಬಂದ ಅಂತ ಆಕೀನೇ ನಗ್ತಿದ್ದಳು.

ನೇಪಾಳದಾಗ ಗುಡ್ಡ ನೋಡಿದಳು, ಪಶುಪತಿನಾಥಗ ಕೈ ಮುಗದಳು, ಅವರಿವರ ಮನ್ಯಾಗ ದುಡದಳು, ಚಳಿಗಿ ಗಡಗಡ ನಡಗಿದಳು. ಬುದ್ಧ ಹುಟ್ಟಿದ ಲುಂಬಿನಿಗಿ ಬಂದಾಗ ಜ್ವರ ಹತ್ತಿ ಧರ್ಮಶಾಲ್ಯಾಗ ಬಿದ್ದುಬಿಟ್ಟಳು. ಯಾರೂ ಹತ್ರ ಬರಲಿಲ್ಲ. ಬಂದಾಕಿ ಒಬ್ಬಾಕೀನೇ, ಸಿಲೋನಿನಿಂದ ಯಾತ್ರಾಕ್ಕ ಬಂದ ಬಿಳಿ ಸೀರಿ ಮುದುಕಿ, ಹೆಸರು ಸೀಲಾವತಿ. ಗಂಜಿ ಕುಡಿಸಿದಳು, ಮೈ ಒರಿಸಿದಳು. ತಾಯಿ ಮಗಳಿಗಿ ಮಾಡಿದಂಗ ಮಾಡಿದಳು. ಇಬ್ಬರ ನಡುವ ಇದ್ದದ್ದು ಮುರಕ ತಿರಕ ಹಿಂದಿ, ಉಳದದ್ದೆಲ್ಲ ಕೈಸನ್ನಿ. ಚಂದಮ್ಮ ಎದ್ದು ಕುಂತಾಗ ಜೋಳಿಗ್ಯಾಗ ಒಂದು ರೊಟ್ಟಿನೂ ಉಳದಿದ್ದಿಲ್ಲ, ಆಕಿಗಿ ಏನೂ ಕೊಡಲಿಕ್ಕ ಆಗಲಿಲ್ಲ. ಹೊಂಡೂ ಮುಂದ ಸೀಲಾವತಿ ಅಂಗೈ ತೆಲಿ ಮ್ಯಾಲ ಇಟ್ಟು, ವಿಳಾಸದ ಚೀಟಿ ಕೊಟ್ಟು, ಹಡಗಾ ಹೋಗೂದು ಕೈಲೆ ತೋರಿಸಿ, "ಮೇರಾ ಘರ್ ಆನಾ" ಅಂದಳು. ಚಂದಮ್ಮ ಕೈ ಮ್ಯಾಲ ಕೈ ಹೊಡದು ಮಾತ ಕೊಟ್ಟಳು. ಆ ಮುದುಕಿ ಮನಿಗಿ ಹೋಗಬೇಕು, ಆಕಿ ಒಲಿ ಮ್ಯಾಲ ಜ್ವಾಳದ ರೊಟ್ಟಿ ಬಡದು ಆಕಿ ತಾಟಿಗಿ ಹಾಕಬೇಕು. ಅಷ್ಟೇ. ಅದರ ಹೊರತು ಚಂದಮ್ಮಗ ಈ ಲೋಕದಾಗ ಮತ್ತೇನೂ ಬೇಕಾಗಿದ್ದಿಲ್ಲ.

ತಿರಗಿ ಊರಿಗಿ ಬಂದ್ಳು ನೋಡ್ರಿ, ಅವಾಗ ಸುರು ಆಯ್ತು. "ಎಲ್ಲಿ ತಿರುಗಿ ಬಂದಿ? ಯಾರ ಜೋಡಿ ಹೋಗಿದ್ದಿ?" ಅದೇ ವರ್ಷ ಕಂತ್ರಾಟದಾರ ಸೂರ್ಯಕಾಂತ ಸಾಹುಕಾರ್ರು ವಿಮಾನದಾಗ ಸಿಂಗಾಪುರಕ್ಕ ಹೋಗಿ ಟೇಪ್ ರೆಕಾರ್ಡರ್ ತಂದಿದ್ರು. ಅವರಿಗಿ ಸ್ಟೇಷನ್ನಿನಾಗ ಹಾರ, ಬಾಜಾ! ಹಾರ ಹಾಕಿದವರು ಯಾರು? ಓಣಿಯ ರೇವಣಸಿದ್ದಯ್ಯ, ಎಲ್ಲರ ಮನಿಗೂ ಗುರುಗಳಾದ ಅಯ್ಯನೋರು. ಚಂದಮ್ಮಗ ಹಾರ ಬ್ಯಾಡ ಬಿಡ್ರಿ, "ಹ್ಯಾಂಗದೀ ತಂಗಿ" ಅಂತ ಒಂದು ಮಾತು ಕೇಳಿದ್ರ ಇವರ ಗಂಟ ಏನ ಹೋಗ್ತಿತ್ತು?

ಸಿಲೋನಿಗಿ ಪಾಸ್‍ಪೋರ್ಟ್ ಬೇಕಿತ್ತು. ಅರ್ಜಿ ಹಾಕಿದಳು. ಚಾಲ್‍ಚಲನ್ ಅಂದ್ರ ನಡತಿ ಹ್ಯಾಂಗದ ಅಂತ ವಿಚಾರಿಸಲಿಕ್ಕ ಠಾಣಾದಿಂದ ಒಬ್ಬ ಪೊಲೀಸಪ್ಪ ಓಣಿಗಿ ಬಂದ. ಮೈಸೂರ ಸೀಮಿಯವ, ಹೊಸದಾಗಿ ಬದಲಿ ಆಗಿ ಬಂದಿದ್ದ. ಹಿರಿಯರು ಅಂತ ರೇವಣಸಿದ್ದಯ್ಯಗ ಕೇಳಿದ. ಅಯ್ಯನೋರು ಎಲಿ ಅಡಿಕಿ ಜಗಕೋತ, "ಆಕಿ ತಿರುಗಾಕಿ ಅದಾಳ ಬಿಡ್ರಿ" ಅಂದ್ರು. ಅಂವ ಬರಕೊಂಡು ಹೋದ. ಪಾಸ್‍ಪೋರ್ಟ್ ಕೊಡೂದಿಲ್ಲ ಅಂತ ಕಾಗದ ಬಂತು.

ಚಂದಮ್ಮ ತಾಬಡತೋಬ ಠಾಣಾಕ್ಕ ಹೋದಳು. "ನಾ ಏನ ಕಳವು ಮಾಡೀನೇನ್ರಿ?" ಪೊಲೀಸಪ್ಪ ಪಾಪದವ, ಕೆಟ್ಟವ ಅಲ್ಲ. ತೆಲಿ ಕೆಳಗ ಹಾಕಿ ಅಂದ, "ನಾನು ಸ್ವಂತವಾಗಿ ಏನೂ ಬರೆದಿಲ್ಲಮ್ಮ. ತಿರುಗೋಳು ಅಂತ ನಿಮ್ಮ ಸ್ವಾಮಿಗಳೇ ಹೇಳಿದ್ರು. ನಮ್ಮ ಕಡೆ ಹೆಂಗಸಿಗೆ ಹಾಗಂದ್ರೆ ಏನರ್ಥ ಅಂತ ನಿಮಗೂ ಗೊತ್ತಲ್ಲ. ನಡತೆ ಸರಿಯಿಲ್ಲ ಅಂತ ಬರೆದೆ. ಅವರೇ ಬಂದು ಹಾಗಲ್ಲ ಅಂದ್ರೆ ಬದಲಾಯಿಸ್ತೀನಿ."

ಚಂದಮ್ಮನ ಮೈಯೆಲ್ಲ ಉರದು ಹೋಯ್ತು. ಸಿಟ್ಟಿಗಿ ಅಳೂನೂ ಬರಲಿಲ್ಲ. ಸೋಮವಾರ ಬರ್ಲಿ ಅಂತ ಹಲ್ಲ ಕಚ್ಚಿ ಕುಂತಳು.

ಸೋಮವಾರ ಅಯ್ಯನೋರು ಭಿಕ್ಷಾಕ್ಕ ಬರೂ ದಿನಾ. ಬಂದ್ರು. ಚಂದಮ್ಮ ಮೊರದಾಗ ಜ್ವಾಳದ ಹಿಟ್ಟು ಹಿಡಕೊಂಡು ಹೊರಗ ಬಂದಳು. ಅಯ್ಯನೋರು ಜೋಳಿಗಿ ಬಾಯಿ ತೆರದ್ರು. ಆಕಿ ಹಾಕಲಿಲ್ಲ.

"ಅಯ್ಯನೋರ, ಒಂದು ಮಾತು. ಈ ವರ್ಷ ಎಲ್ಲೆಲ್ಲಿ ಹೋಗಿದ್ರಿ?"

"ಸಂಚಾರಕ್ಕೇನವ್ವ? ಚಿತ್ತಾಪುರ, ಸೇಡಂ, ಆ ಕಡಿ ಚಿಂಚೋಳಿ, ಕುಂಚಾವರಂ ತನಕಾ ಹೋಗಿದ್ದೆ. ಭಕ್ತರು ಬಿಡಬೇಕಲ್ಲ."

"ರಾತ್ರಿ ಎಲ್ಲಿ ಮಲಗ್ತಿದ್ರಿ?"

"ಯಾರ ಕರದ್ರ ಅವರ ಮನ್ಯಾಗ."

"ಹಂಗಾದ್ರ ನಾಳಿ ಪೊಲೀಸಪ್ಪ ಬಂದು ನಿಮ್ಮ ಅಯ್ಯನೋರು ಹ್ಯಾಂಗ ಅಂತ ಕೇಳಿದ್ರ ನಾ ಏನ ಹೇಳ್ಲಿರಿ? ಊರೂರು ತಿರುಗ್ತಾರ, ಕರದೋರ ಮನ್ಯಾಗ ಮಲಗ್ತಾರ ಅಂತ ಹೇಳ್ಲೇನು?"

ಅಯ್ಯನೋರ ಮಾರಿ ಕೆಂಪಗಾಯ್ತು. "ನಾ ಕೆಟ್ಟ ಅರ್ಥದಾಗ ಅಂದಿಲ್ಲ ಚಂದಮ್ಮಾ. ನೀ ಊರೂರು ಹೋಗ್ತಿ ಅಂತ ಅಂದೆ, ಅಷ್ಟೇ."

"ಒಳ್ಳೆ ಅರ್ಥದಾಗ ಅಂದಿದ್ರ ಠಾಣಾಕ್ಕ ಬಂದು ಅದನ್ನೇ ಹೇಳ್ರಿ. ಅಲ್ಲಿ ತನಕಾ ನನ್ನ ಮನಿ ಹಿಟ್ಟು ನಿಮ್ಮ ಜೋಳಿಗ್ಯಾಗ ಬೀಳೂದಿಲ್ಲ." ಮೊರಾ ಹಿಂದಕ್ಕ ಒಯ್ದು ಬಾಗಲಾ ಹಾಕ್ಕೊಂಡಳು. ಎದುರು ಮನಿ ವಿಮಲಾಬಾಯಿ ಹಿಟ್ಟು ತೊಗೊಂಡು ಹೊಸ್ತಿಲದಾಗ ನಿಂತಿದ್ದಳು. ಅಯ್ಯನೋರ ಕಡಿ ನೋಡಿದಳು, ಚಂದಮ್ಮನ ಬಾಗಲಾ ನೋಡಿದಳು, ಹಿಟ್ಟು ಹಾಕಲಾರದೇ ಒಳಗ ಹೋದಳು.

ಅಯ್ಯನೋರು ಠಾಣಾಕ್ಕ ಹೋದ್ರೇನು? ಇಲ್ಲರೀ! ಇವತ್ತು ಅಮಾಸಿ ಅಂದ್ರು, ನಾಳಿ ಲಗ್ನ ಅದ ಅಂದ್ರು, ಮೊಣಕಾಲು ಬ್ಯಾನಿ ಅಂದ್ರು. ಮೊಣಕಾಲು ಬ್ಯಾನಿ ಇದ್ದಾವ್ರು ಕುಂಚಾವರಂ ಅಡವಿ ತನಕಾ ಮತ್ತ ಸಂಚಾರ ಹೋಗಿ ಬಂದ್ರು. ಮನ್ಯಾಗಿಂದ ಠಾಣಾ ಕಾಣತಿತ್ತು, ಅಷ್ಟು ಹತ್ರ. ಒಂದು ಮಾತು ತಿರಗಿ ತೊಗೊಂಡ್ರ ದೊಡ್ಡಸ್ತನ ಎಲ್ಲಿ ಉದರಿ ಬೀಳ್ತದೋ ಅಂತ ಅಂಜಿಕಿ, ಮತ್ತೇನಿಲ್ಲ. ಸುಗ್ಗಿ ಬಂತು, ಹೋಯ್ತು, ಮತ್ತ ಬಂತು, ಹಂಗೇ ನಾಕು ವರ್ಷ ಹೋದವು. ಚಂದಮ್ಮ ರೊಟ್ಟಿ ಬಡಕೋತ ಕಾದಳು. ಪೊಲೀಸಪ್ಪಗ ಬದಲಿ ಬಂತು ಅಂತ ಸುದ್ದಿ ಆದಾಗ ಅಯ್ಯನೋರ ಹೆಂಡತಿ ನೀಲಾಬಾಯಿನೇ ಗಂಡಗ ಬೈದು ಕಳಿಸಿದಳು. ಹೋಗಿ ಹೇಳಲಿಕ್ಕ ಒಂದು ಚಹಾ ಕುಡಿಯೂ ಹೊತ್ತೂ ಹಿಡಿಲಿಲ್ಲ. ಹೊಸ ಅರ್ಜಿ, ಹೊಸ ವಿಚಾರಣಿ, ಎಲ್ಲಾ ಮುಗದು ಎಂಬತ್ನಾಕರ ಕಡಿಗಿ ಪಾಸ್‍ಪೋರ್ಟ್ ಬಂತು.

ಅವತ್ತೇ ರಶೀದಾಬೇಗಂ ಜೋಳಿಗಿ ತೋಳಿಗಿ ಹೊಸ ಹೊಲಿಗಿ ಹಾಕಿ ಕೊಟ್ಟಳು. ಚಂದಮ್ಮ ರೊಟ್ಟಿ, ಹಿಂಡಿ, ಸೀಲಾವತಿ ಸಲುವಾಗಿ ಬಟ್ಟಿಯಾಗ ಕಟ್ಟಿದ ಬಿಳಿ ಜ್ವಾಳದ ಹಿಟ್ಟು ತೊಗೊಂಡು ಮದ್ರಾಸ್ ಗಾಡಿ ಹತ್ತಿದಳು. ಅಲ್ಲಿಂದ ರಾಮೇಶ್ವರ. ಹಡಗಾ ನಿಂದ್ರೂ ಜಾಗಾದಾಗ ಬಾಗಲಾ ಹಾಕಿತ್ತು. ಕಾವಲಿನವ ಹಿಂದಿಯಾಗ ಹೇಳಿದ, "ಆ ಕಡಿ ಗದ್ದಲಾ ನಡದದ, ಹಡಗಾ ಬಂದ್ ಆಗ್ಯದ. ಸ್ವಲ್ಪ ಮೊದಲು ಬಂದಿದ್ರ ಹೋಗಬಹುದಿತ್ತು, ಅಮ್ಮಾ." ಮತ್ತ ಯಾವಾಗ ಬಿಡ್ತಾರ ಅಂದ್ರ ಅಂವ ಸಮುದ್ರದ ಕಡಿ ಕೈ ತೋರಿಸಿದ. ಯಾರೋ ಯಾತ್ರಾದವರು ಕನಿಕರ ಮಾಡಿ, "ಆ ಹಿಟ್ಟು ಸಮುದ್ರಕ್ಕ ಹಾಕವ್ವ, ಆಕಿಗಿ ಮುಟ್ಟತದ" ಅಂದ್ರು. "ಯಾಕ ಹಾಕಬೇಕು? ಸಮುದ್ರ ನನಗ ಗಂಜಿ ಕುಡಿಸಿತ್ತೇನು?" ಅಂದಳು. ಹಿಟ್ಟು ಹಂಗೇ ಬೆನ್ನಿಗಿ ಹಾಕ್ಕೊಂಡು ತಿರಗಿ ಬಂದಳು.

ಊರಿಗಿ ಬಂದ ಮುಂದಿನ ಸೋಮವಾರ ಚಂದಮ್ಮ ಸ್ನಾನಾ ಮಾಡಿದಳು, ಹಣಿಗಿ ವಿಭೂತಿ ಹಚ್ಚಿದಳು, ಎರಡು ತೋಳಿನ ಜೋಳಿಗಿ ಮುಂದಕ್ಕ ಹಾಕ್ಕೊಂಡು ರೇವಣಸಿದ್ದಯ್ಯನ ಬಾಗಲದಾಗ ನಿಂತಳು. "ಭಿಕ್ಷಾ ಹಾಕ್ರಿ!" ಅಂತ ಓಣಿಗೆಲ್ಲ ಕೇಳೂಹಂಗ ಒದರಿದಳು. ನೀಲಾಬಾಯಿ ಗಾಬರಿಯಾಗಿ ಹಿಟ್ಟು ತೊಗೊಂಡು ಬಂದಳು.

"ಹಿಟ್ಟು ನನ್ನ ಹತ್ರ ಅದ, ನೀಲಾಬಾಯಿ. ಸಿಲೋನಿಗಂತ ಒಯ್ದು ತಿರಗಿ ತಂದ ಹಿಟ್ಟು. ಅಯ್ಯನೋರಿಗಿ ಹೊರಗ ಕಳಿಸವ್ವ."

ಅಯ್ಯನೋರು ಬಂದ್ರು. "ಏನ ಬೇಕು ಚಂದಮ್ಮಾ?"

ಚಂದಮ್ಮ ಜೋಳಿಗಿ ಬಾಯಿ ಅಗಲ ಮಾಡಿ ಹಿಡದಳು. "ನಿಮ್ಮ ಒಂದು ಮಾತಿಗಿ ಹೋದ ಹಡಗಾ ನನ್ನ ಜೋಳಿಗ್ಯಾಗ ಹಾಕ್ರಿ."

ಅಯ್ಯನೋರು ಹೆಂಡತಿ ಕೈಯಾಗಿನ ಹಿಟ್ಟು ಇಸಕೊಂಡು ಮುಂದ ಚಾಚಿದ್ರು. ಚಂದಮ್ಮ ಜೋಳಿಗಿ ಹಿಂದಕ್ಕ ಎಳಕೊಂಡಳು. "ಇಲ್ಲೇನು? ಇರ್ಲಿ, ಮುಂದಿನ ಸೋಮವಾರ ಬರ್ತೀನಿ" ಅಂದು ಹೋದಳು.

ಬಂದಳು. ಅದರ ಮುಂದಿನ ಸೋಮವಾರನೂ ಬಂದಳು. ಒಂದು ಬೈಗಳಾ ಇಲ್ಲ, ಜಗಳ ಇಲ್ಲ. ಖಾಲಿ ಜೋಳಿಗಿ ಹಿಡದು ನಿಂದ್ರೂದು, ತಿರಗಿ ಹೋಗೂದು. ಅಯ್ಯನೋರಿಗಿ ಅದನ್ನ ತಡಕೊಳ್ಳಲಿಕ್ಕ ಆಗಲಿಲ್ಲ. ಸೋಮವಾರ ಬಂತಂದ್ರ ಮುಂಜಾನಿ ಎದ್ದು ಶಹಾಬಾದಕ್ಕೋ ಚಿತ್ತಾಪುರಕ್ಕೋ ಹೋಗಿಬಿಡ್ಲಿಕತ್ತಿದ್ರು. ಬಸ್ ಸ್ಟ್ಯಾಂಡಿನಾಗ ಸುಮ್ಮ ಕುಂತು ಚಂಜಿಗಿ ಬರ್ತಿದ್ರು.

ಒಂದು ಸೋಮವಾರ ಠಾಣಾಕ್ಕ ಬಂದ ಹೊಸ ಪೊಲೀಸಪ್ಪ ಯಾವುದೋ ಕೆಲಸಕ್ಕ ಅವರನ್ನ ಹುಡಕೋತ ಓಣಿಗಿ ಬಂದ. "ಅಯ್ಯನೋರು ಮನ್ಯಾಗ ಅದಾರೇನ್ರಿ?" ಅಂತ ಕೇಳಿದ.

ವಿಮಲಾಬಾಯಿ ಕಟ್ಟಿ ಮ್ಯಾಲ ಕುಂತು ಜ್ವಾಳ ಹಸನ ಮಾಡಲಿಕತ್ತಿದ್ದಳು. ಮೊರದಾಗಿನ ಕಣ್ಣ ಎತ್ತಲಿಲ್ಲ. "ಎಲ್ಲಿ ಇರ್ತಾರರಿ ಮನ್ಯಾಗ," ಅಂದಳು, "ತಿರುಗಾವ್ರು ಅದಾರ ಬಿಡ್ರಿ."