ಅಕ್ಕ ಹೇಳಿದ ‘ಲೇಟ್ಲಿ’

ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯತೊಡಗಿದರೆ ಅದರ ವಾಸನೆ ಬಚ್ಚಲಲ್ಲೇ ನಿಲ್ಲುವುದಿಲ್ಲ. ಅಡಿಗೆಮನೆಗೆ ಬರುತ್ತದೆ, ದೇವರ ಕೋಣೆಗೆ ಬರುತ್ತದೆ, ಮಡಿಸಿಟ್ಟ ಸೀರೆಯ ಮಡಿಕೆಯೊಳಗೂ ಹೊಕ್ಕು ಕೂತುಬಿಡುತ್ತದೆ. ಕಹಿ, ಘಾಟು, ಎಲ್ಲೋ ಸ್ವಲ್ಪ ಕರ್ಪೂರದ ನೆನಪು. ಈಚೆಗೆ ಮಗಳ ಬಾಣಂತನ ಅಂತ ಶಿರಸಿಯ ನಮ್ಮ ಮನೆಯಲ್ಲಿ ಮೈನೋವು ಎಳೆಯುವ ಈ ಸೊಪ್ಪು ಹಾಕಿ ದಿನಾ ಬೆಳಿಗ್ಗೆ ಹಂಡೆ ಕಾಯಿಸುತ್ತಿದ್ದೇನೆ. ಮೊದಲ ದಿನ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಎಂತ ಕೆಟ್ಟ ವಾಸನೆ ಇದು" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು, "ಬಾಯಿ ಮುಚ್ಚು, ಅದು ನನ್ನ ಆಯಿಯ ವಾಸನೆ" ಅಂತ ಗದರಿಬಿಟ್ಟೆ. ಹಸೀ ಬಾಣಂತಿಯನ್ನು ಹಾಗೆ ಗದರಬಾರದಿತ್ತು. ಆದರೆ ಮಾತು ಸುಳ್ಳಲ್ಲ. ನನಗೆ ಬುದ್ಧಿ ಬಂದಾಗಿನಿಂದ ಆಯಿಯ ಮೈ, ಸೆರಗು, ಹಾಸಿಗೆ ಎಲ್ಲ ಹಾಗೇ ನಾರುತ್ತಿತ್ತು. ಬೇರೆಯವರು ತಮ್ಮ ತಾಯಿಯದ್ದು ಮಲ್ಲಿಗೆಯ ವಾಸನೆ, ಒಗ್ಗರಣೆಯ ವಾಸನೆ ಅಂತೆಲ್ಲ ಹೇಳಿಕೊಳ್ಳುತ್ತಾರಲ್ಲ, ನನಗೆ ಲಕ್ಕಿ.

ನಾವಿದ್ದದ್ದು ಕಾನಸೂರಿನಲ್ಲಿ, ಸಿದ್ದಾಪುರಕ್ಕೆ ಹೋಗುವ ರಸ್ತೆಗೆ ಮುಖಮಾಡಿದ ಒಂದು ಬಾಡಿಗೆ ಮನೆಯಲ್ಲಿ. ನಮ್ಮ ಅಡಿಗೆಮನೆಗೂ ಪಕ್ಕದ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ಗೂಡಿನಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ನಡೆದು ಅಂಚಿಗೆ ಬರುತ್ತಿದ್ದವು. ಮಾತಾಡಬೇಕಾದರೆ ಕಿವಿಗೆ ಬಾಯಿ ಇಟ್ಟು ಕೂಗಬೇಕು. ಸುತ್ತಲ ಊರಿನವರು ಅಕ್ಕಿ, ರಾಗಿ ಹೊತ್ತು ಮಧ್ಯಾಹ್ನದ ಹೊತ್ತಿಗೇ ಬಂದು ಸೇರುತ್ತಿದ್ದರಿಂದ ಗಿರಣಿಯ ಆರ್ಭಟವೆಲ್ಲ ಆಗಲೇ. ಅದನ್ನು ನಡೆಸುತ್ತಿದ್ದವಳು ಬನವಾಸಿ ಕಡೆಯಿಂದ ಬಂದ ಗಂಗವ್ವ. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿದ್ದ ದೊಡ್ಡ ದೇಹದ ಹೆಂಗಸು. ನನ್ನನ್ನು ಕಂಡರೆ "ಬಾರಬೇ ಬೆಲ್ಲದ ಅಚ್ಚು" ಅಂತ ಕರೆದು ಕೆನ್ನೆ ಹಿಂಡಿ ಅಷ್ಟೂ ಹಿಟ್ಟು ಬಳಿದು ಕಳಿಸುತ್ತಿದ್ದಳು. ಆ ಮನೆಯೂ ಇಲ್ಲ, ಗಿರಣಿಯೂ ಇಲ್ಲ ಈಗ. ರಸ್ತೆ ಅಗಲ ಮಾಡುವಾಗ ಎರಡೂ ಹೋದವು. ಇಂದಿಗೂ ಬಸ್ಸು ಆ ಜಾಗ ದಾಟುವಾಗ ನನ್ನ ಕತ್ತು ತಾನಾಗಿ ಕಿಟಕಿಯ ಕಡೆ ತಿರುಗುತ್ತದೆ.

ನನ್ನ ಅಪ್ಪಯ್ಯ ಇಂಗ್ಲಿಷ್ ಮಾಸ್ತರು. ತೀರಿಹೋದವರ ಬಗ್ಗೆ ಬರೆಯುವಾಗ ನಾಲ್ಕು ಒಳ್ಳೆಯ ಮಾತು ಮೊದಲು ಬರೆಯಬೇಕಂತೆ. ಸರಿ, ಬರೆಯುತ್ತೇನೆ. ಒಳ್ಳೆಯ ಕಂಠ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಂಜೆ ನಮ್ಮ ಜಗಲಿಯಲ್ಲಿ ಟ್ಯೂಷನ್ನಿಗೆ ಬರುತ್ತಿದ್ದ ಮಕ್ಕಳಲ್ಲಿ ಒಬ್ಬರೂ ಇಂಗ್ಲಿಷಿನಲ್ಲಿ ಫೇಲಾಗಲಿಲ್ಲ. ಮುಗಿಯಿತು. ಇನ್ನು ಉಳಿದದ್ದನ್ನು ಹೇಳಬೇಕಲ್ಲ? ಆತ ಹೊಡೆಯುತ್ತಿದ್ದ. ಹಿತ್ತಿಲ ಬೇಲಿಯ ತುಂಬ ಲಕ್ಕಿ ಬೆಳೆದು ನಿಂತಿತ್ತು. ತಪ್ಪು ಮಾಡಿದವನೇ ಎದ್ದು ಹೋಗಿ, ತನಗೆ ತಕ್ಕ ಬರಲನ್ನು, ಅಂದರೆ ಎಳೆಯ ಕೋಲನ್ನು, ತಾನೇ ಮುರಿದು, ಎಲೆ ಸವರಿ ತಂದು ಕೊಡಬೇಕು. ತೀರ ಸಪೂರದ್ದು ತಂದರೆ ಅದು ಮುರಿಯುವವರೆಗೆ ಹೊಡೆತ. ದಪ್ಪದ್ದು ತಂದರೆ, ಅಯ್ಯೋ ಬಿಡಿ. ಅಪ್ಪಯ್ಯ ಅದನ್ನು ಗಾಳಿಯಲ್ಲಿ ಒಮ್ಮೆ ಬೀಸಿ ನೋಡುತ್ತಿದ್ದ. ಸುಂಯ್ ಅಂತ ಶಬ್ದ ಬಂದರೆ ಆತನ ಮುಖದಲ್ಲಿ ಒಂದು ತೃಪ್ತಿ. ಆಮೇಲೆ ಕಾಲಿನ ಮೀನಖಂಡ, ಅಂಗೈ, ಬೆನ್ನು. ಚರ್ಮ ಬಾತು ಬಾಸುಂಡೆ ಏಳುತ್ತಿತ್ತು, ಕೆಲವೊಮ್ಮೆ ಒಡೆದು ರಕ್ತ ಜಿನುಗುತ್ತಿತ್ತು. ಆ ಮಕ್ಕಳ ಅಪ್ಪಂದಿರು ಜಗಲಿಯ ಕೆಳಗೆ ನಿಂತು, "ಇನ್ನೆರಡು ಬಿಡಿ ಮಾಸ್ತರೇ, ನಾವೇನೂ ಅನ್ನೋದಿಲ್ಲ" ಅನ್ನುತ್ತಿದ್ದರು. ಹಾಗಿತ್ತು ನೋಡಿ ಆ ಕಾಲದ ಮರ್ಯಾದೆ.

ಆತನ ಪಾಠದ ಕ್ರಮವೇ ಬೇರೆ. ದಿನಕ್ಕೊಂದು ಇಂಗ್ಲಿಷ್ ಶಬ್ದ. ಪ್ರತಿಯೊಬ್ಬರೂ ಎದ್ದು ನಿಂತು ಆ ಶಬ್ದ ಹಾಕಿ ಒಂದು ವಾಕ್ಯ ಹೇಳಬೇಕು, ಮತ್ತು ಅದು ನಿಜ ಇರಬೇಕು. ರಾಮ ರಾವಣನನ್ನು ಕೊಂದ ಅಂತ ಯಾರಾದರೂ ಶುರುಮಾಡಿದರೆ, "ನೀ ನೋಡಿದ್ಯನೋ? ನಿನ್ನ ಮನೆಯದ್ದು ಹೇಳು" ಅಂತ ಅಲ್ಲೇ ತಡೆಯುತ್ತಿದ್ದ. ಮನೆಯಲ್ಲಿ ಇಲ್ಲದ ಎಮ್ಮೆಯನ್ನು ಇದೆ ಅಂದ ಹುಡುಗನೊಬ್ಬನಿಗೆ ಆ ಎಮ್ಮೆಗಾಗಿಯೇ ಹೊಡೆತ ಬಿದ್ದಿತ್ತು. ಇಷ್ಟಕ್ಕೆ ಮುಗಿಯಲಿಲ್ಲ. ಅವತ್ತು ಜಗಲಿಯಲ್ಲಿ ಕೇಳಿದ ವಾಕ್ಯಗಳನ್ನೆಲ್ಲ ಮಕ್ಕಳು ಮನೆಗೆ ಹೋಗಿ, ಕನ್ನಡದ ಅರ್ಥ ಸಮೇತ ದೊಡ್ಡವರಿಗೆ ಒಪ್ಪಿಸಬೇಕು. ಹಾಗಾಗಿ ಯಾರ ಮನೆಯ ದನ ಕರು ಹಾಕಿತು, ಯಾರ ಅಜ್ಜಿಗೆ ಹಲ್ಲು ನೋವು ಅನ್ನುವುದೆಲ್ಲ ರಾತ್ರಿ ಊಟದೊಳಗೆ ಕಾನಸೂರಿಗೇ ಗೊತ್ತಾಗುತ್ತಿತ್ತು.

ಆಯಿ ಮಾತ್ರ ಆ ಜಗಲಿಗೆ ಬಂದವಳಲ್ಲ. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾವು ಶಾಲೆಯಿಂದ ಬರುವಷ್ಟರಲ್ಲಿ ಮಿಂದು, ಒದ್ದೆ ಕೂದಲು ಗಂಟು ಕಟ್ಟಿ, ಗೋಡೆಗೆ ಒರಗದೆ ನೆಟ್ಟಗೆ ಕೂತಿರುತ್ತಿದ್ದಳು. ಗೋಡೆಗೆ ಒರಗದೆ ಅನ್ನುವುದನ್ನು ನಾನು ಈಗ ಬರೆಯುವಾಗ ಗಮನಿಸುತ್ತಿದ್ದೇನೆ. ಹಂಡೆಯಲ್ಲಿ ಲಕ್ಕಿ ನೀರು ಇನ್ನೂ ಬಿಸಿ ಇರುತ್ತಿತ್ತು. ಮೊಣಕೈ ಬಾತಿದ್ದರೆ, "ಎಂತೂ ಇಲ್ಲೆ ಕೂಸೇ, ಬಚ್ಚಲಲ್ಲಿ ಜಾರಿದೆ." ಸೊಂಟ ಹಿಡಿದಿದ್ದರೆ, "ಕೊಡಪಾನ ಎತ್ತಿದ್ದಕ್ಕೆ." ನಮ್ಮ ಬಚ್ಚಲಿನಷ್ಟು ಜಾರುವ ಬಚ್ಚಲು ಪ್ರಪಂಚದಲ್ಲೇ ಇಲ್ಲ ಅಂದುಕೊಂಡಿದ್ದೆ ನಾನು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಹೆಸರು ಸರೋಜ. ಅಪ್ಪಯ್ಯನ ಹಟವೆಲ್ಲ ಅವಳಿಗೇ ಬಂದಿತ್ತು. ಆಕೆ ಹತ್ತನೆಯ ಪರೀಕ್ಷೆಗೆ ಓದಲು ರಜೆಯ ಮೇಲೆ ಮನೆಯಲ್ಲಿದ್ದ ದಿನಗಳವು. ಅಪ್ಪಯ್ಯ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದದ್ದು, ಅದೇ ಹೊತ್ತಿಗೆ ಗಿರಣಿ ಭೋರ್ಗರೆಯುತ್ತಿದ್ದದ್ದು, ಅಡಿಗೆಮನೆಯ ಬಾಗಿಲು ಒಳಗಿನಿಂದ ಹಾಕಿರುತ್ತಿದ್ದದ್ದು, ಎಲ್ಲ ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ಆಯಿಯನ್ನು ಗಟ್ಟಿಯಾಗಿ ಹಿಡಿದು ಕೇಳಿದಳಂತೆ. ಆಯಿ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಾ, "ಈಗೀಗ ನಿಂಗಳ ಅಪ್ಪಯ್ಯಂಗೆ ಸಿಟ್ಟು ಜಾಸ್ತಿ ಆಯ್ದು. ಹೋಗ್ತು ಬಿಡು" ಅಂದಳಂತೆ. ಅಕ್ಕ ಇದನ್ನು ನನಗೆ ಹಿತ್ತಿಲಲ್ಲಿ ಹೇಳಿದಳು. ಹೇಳುವಾಗ ಲಕ್ಕಿ ಎಲೆ ಕಿತ್ತು ಕಿತ್ತು ಚೂರು ಮಾಡುತ್ತಿದ್ದಳು. ನನಗೆ ನಂಬಿಕೆ ಬರಲಿಲ್ಲ.

ನಂಬಿಕೆ ಬಂದದ್ದು ಒಂದು ಶನಿವಾರ. ನನಗೆ ಅರ್ಧ ದಿನದ ಶಾಲೆ. ಜಗಲಿ ಹತ್ತುವಾಗ ಗಿರಣಿ ಓಡುತ್ತಿತ್ತು. ಅಕ್ಕ ಅಡಿಗೆಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿಯುತ್ತಿದ್ದಳು, ಬಾಯಿ ತೆರೆದು ಏನೋ ಕೂಗುತ್ತಿದ್ದಳು, ಒಂದೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ನರಳಿ ನಿಂತಿತು. ಆ ನಿಶ್ಶಬ್ದದಲ್ಲಿ ಸುಂಯ್ ಅಂತ ಲಕ್ಕಿ ಬರಲಿನ ಶಬ್ದ, ಅದರ ಹಿಂದೆ ಮೈಮೇಲೆ ಬಿದ್ದ ಶಬ್ದ. ಮತ್ತೊಂದು. ಮತ್ತೂ ಒಂದು. ಗಿರಣಿ ನಿಂತದ್ದು ಆತನಿಗೆ ತಿಳಿಯಲೇ ಇಲ್ಲವೋ, ಕೈ ನಿಲ್ಲಲಿಲ್ಲವೋ. ಆಯಿಯ ಕೂಗು ಹೊರಗೆ ಬರುತ್ತಿರಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಿದ್ದಳಂತೆ. ಮೂಗಿನಿಂದ ಮಾತ್ರ ಒಂದು ನರಳಿಕೆ. ಆಮೇಲೆ ತಲೆ ಗೋಡೆಗೆ ತಾಗಿದ ಸದ್ದು, ಗೂಡಿನ ಲೋಟಗಳೆಲ್ಲ ಉರುಳಿದ ಸದ್ದು.

ಗಿರಣಿಯ ಮುಂದೆ ಡಬ್ಬ ಹಿಡಿದು ನಿಂತವರೆಲ್ಲ ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು. ಗಂಗವ್ವ ಅಂಗಳಕ್ಕೆ ಬಂದು, "ಏನ್ರೀ ಮಾಸ್ತರ, ಒಳಗ ಏನ್ ನಡದೈತಿ?" ಅಂತ ಕೂಗಿದಳು. ಅಪ್ಪಯ್ಯ ಬಾಗಿಲು ತೆಗೆದು, ಬೈರಾಸಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದ. "ಎಂತ ಇಲ್ಲ ಗಂಗವ್ವ, ಹೆಗ್ಗಣ ಹೊಕ್ಕಿತ್ತು" ಅಂದ. ಯಾರೋ ಒಬ್ಬ, "ಸತ್ತಿತೇನ್ರೀ?" ಅಂತ ಕೇಳಿದ. ಒಂದಿಬ್ಬರು ನಕ್ಕರು.  ಒಳಗೆ ಆಯಿ ಬಿದ್ದ ಲೋಟಗಳನ್ನು ಹೆಕ್ಕುತ್ತಿದ್ದಳು, ಕಿವಿಯ ಹಿಂದಿನಿಂದ ರಕ್ತ ಇಳಿದು ಕುಪ್ಪಸದ ತೋಳು ತೊಯ್ದಿತ್ತು. ಅಕ್ಕ ಅಳಲಿಲ್ಲ. ಬಚ್ಚಲಿಗೆ ಹೋಗಿ ಒಲೆ ಹಚ್ಚಿದಳು.

ಸೋಮವಾರ ಸಂಜೆ ಜಗಲಿಯಲ್ಲಿ ಕೊಟ್ಟ ಶಬ್ದ ಲೇಟ್ಲಿ. ಅಪ್ಪಯ್ಯ ತನ್ನ ಒಳ್ಳೆಯ ಕಂಠದಲ್ಲಿ ವಿವರಿಸಿದ: ಇತ್ತೀಚೆಗೆ, ಈಗೀಗ, ಹಿಂದೆ ಇರಲಿಲ್ಲ, ಈಚೆಗೆ ಶುರುವಾಗಿದೆ, ಇನ್ನೂ ನಡೆಯುತ್ತಾ ಇದೆ, ಅಂಥದ್ದಕ್ಕೆ ಈ ಶಬ್ದ. ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಈಗೀಗ ಸೆಕೆ ಜಾಸ್ತಿ, ಈಗೀಗ ನಮ್ಮ ನಾಯಿ ಊಟ ಮಾಡುತ್ತಿಲ್ಲ, ಈಗೀಗ ಶಿರಸಿ ಬಸ್ಸು ತಡವಾಗಿ ಬರುತ್ತಿದೆ. ಅಕ್ಕ ಎದ್ದಳು. ಪಾಠದ ಧ್ವನಿಯಲ್ಲಿ, ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದಳು. "ಮೈ ಫಾದರ್ ಹ್ಯಾಸ್ ಬೀನ್ ಬೀಟಿಂಗ್ ಮೈ ಮದರ್ ಲೇಟ್ಲಿ." ನನ್ನ ಅಪ್ಪ ಈಗೀಗ ನನ್ನ ಅಮ್ಮನನ್ನು ಹೊಡೆಯುತ್ತಿದ್ದಾನೆ.

ಅಷ್ಟೂ ಮಕ್ಕಳಿಗೆ ಅರ್ಥವಾಯಿತು. ಅಷ್ಟು ಚೆನ್ನಾಗಿ ಕಲಿಸಿದ್ದ ಪುಣ್ಯಾತ್ಮ. ಆತನ ಕೈಯಲ್ಲಿದ್ದ ಬರಲು ಮೇಲೆದ್ದಿತು. ಅಕ್ಕ ಎರಡೂ ಅಂಗೈ ಮುಂದೆ ಚಾಚಿ, "ತಪ್ಪಿದ್ದರೆ ಹೊಡಿ ಅಪ್ಪಯ್ಯ" ಅಂದಳು.  ಅವಳನ್ನು ಅಲ್ಲೇ ಕೊಂದುಹಾಕುತ್ತಾನೆ ಅಂತಲೇ ನಾನು ಅಂದುಕೊಂಡಿದ್ದೆ.  ಆಮೇಲೆ ಆತ ಬರಲು ಕೆಳಗಿಳಿಸಿ, ಗೋಡೆ ನೋಡುತ್ತಾ, "ರೈಟ್. ಸಿಟ್ ಡೌನ್" ಅಂದ. ಒಳಗಿನಿಂದ ಆಯಿಯ ಧ್ವನಿ ಕೇಳಿತು: "ಎಂತ ಹೇಳಿತೇ ಸರೋಜ? ಎಂತಕ್ಕೆ ಎಲ್ಲ ಸುಮ್ಮನಾದ್ದು?" 

ಮಕ್ಕಳು ಕ್ರಮದ ಪ್ರಕಾರ ಆ ವಾಕ್ಯವನ್ನೂ ಮನೆಗೆ ಒಯ್ದು, ಅರ್ಥ ಸಮೇತ ಒಪ್ಪಿಸಿದರು. ಅಕ್ಕನಿಗೆ ಬೇಕಾದದ್ದೂ ಅದೇ. ಮರುದಿನ ಮಧ್ಯಾಹ್ನ ಅಪ್ಪಯ್ಯ ಊಟಕ್ಕೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಗೋಡೆಯಾಚೆ ಗಂಗವ್ವನ ದನಿ: "ಮಾಸ್ತರು ಉಣ್ಣಾಕ ಬಂದಾರ, ಗಿರಣಿ ಬಂದ್ ಮಾಡ್ರಿ." ಬೆಲ್ಟು ನಿಂತಿತು. ಡಬ್ಬ ಹಿಡಿದವರೆಲ್ಲ ತುಟಿ ಬಿಚ್ಚದೆ ನಿಂತರು. ಶನಿವಾರ ನಕ್ಕವರೂ ಇದ್ದರು ಅವರಲ್ಲಿ. ಅಪ್ಪಯ್ಯ ಅನ್ನ ಅಗಿಯುವ ಸದ್ದು ಕೂಡ ಆಚೆ ಕೇಳುವಷ್ಟು ಮೌನ. ಆತ ಎದ್ದು ತಟ್ಟೆಯನ್ನು ಗೋಡೆಗೆ ಬೀಸಿ ಒಗೆದ. ಗೋಡೆಯಾಚೆಯಿಂದ ಗಂಗವ್ವ ಕೇಳಿದಳು, "ಹೆಗ್ಗಣೇನ್ರೀ?" ಆವತ್ತು ಯಾರೂ ನಗಲಿಲ್ಲ. ಅಪ್ಪಯ್ಯ ಹಿತ್ತಿಲಿಗೆ ನುಗ್ಗಿ, ಕತ್ತಿ ತೆಗೆದುಕೊಂಡು ಲಕ್ಕಿ ಬೇಲಿಯನ್ನು ಬುಡಸಮೇತ ಕೊಚ್ಚಿಹಾಕಿದ. ಕೈಯಲ್ಲಿ ಬೊಬ್ಬೆ ಎದ್ದು ಒಡೆದರೂ ಬಿಡಲಿಲ್ಲ. ಅಷ್ಟಕ್ಕೆ ಸಾಯುವ ಜಾತಿಯಲ್ಲ ಲಕ್ಕಿ, ಮತ್ತೆ ಚಿಗುರಿತು. ಆದರೆ ಆಮೇಲೆ ಆತ ಅದಕ್ಕೆ ಕೈ ಹಾಕಲಿಲ್ಲ. ಅಪ್ಪಯ್ಯ ಊಟ ಮಾಡುವಷ್ಟು ಹೊತ್ತು ಗಿರಣಿ ನಿಲ್ಲಿಸುವುದನ್ನು ಗಂಗವ್ವ ತಾನು ಬದುಕಿರುವವರೆಗೂ ಬಿಡಲಿಲ್ಲ.

ಅಪ್ಪಯ್ಯ ಹೋಗಿ ಬಹಳ ಕಾಲವಾಯಿತು. ನಾನು ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತೆ, ಮತ್ತು ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಕ್ಕ ಯಲ್ಲಾಪುರದ ಕಡೆ ಮದುವೆಯಾಗಿ ಹೋದಳು. ಮಂಚಿಕೇರಿಯ ಅವಳ ಮನೆಗೆ ಹೋದಾಗೆಲ್ಲ ರಾತ್ರಿ ಊಟವಾದ ಮೇಲೆ ಆ ಸೋಮವಾರದ ಕಥೆ ಬರಲೇಬೇಕು. "ಶುರುವಾಗುತ್ತಿದ್ದ ಹಾಗೇ ಮುರಿದುಹಾಕಿದೆ ನೋಡು, ಬೇರು ಬಿಡಲಿಕ್ಕೆ ಬಿಡಲಿಲ್ಲ" ಅಂತ ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಅವಳ ಬದುಕಿನಲ್ಲಿ ಹೆಮ್ಮೆ ಪಡಲಿಕ್ಕೆ ಬೇರೆ ಹೆಚ್ಚೇನೂ ಸಿಗಲಿಲ್ಲ. ಹೋದ ವರ್ಷ ಕಾಯಿಲೆ ಅವಳನ್ನು ತೆಗೆದುಕೊಂಡು ಹೋಯಿತು. ನನಗೆ ಅವಳು ಈಗಲೂ ಆ ಜಗಲಿಯಲ್ಲಿ ಅಂಗೈ ಚಾಚಿ ನಿಂತ ಹುಡುಗಿಯೇ.

ಆಯಿ ನನ್ನ ಜೊತೆ ಇದ್ದಾಳೆ. ಮೊನ್ನೆ ಬೆಳಿಗ್ಗೆ ಬಚ್ಚಲ ಒಲೆಯ ಎದುರು ಮಣೆ ಹಾಕಿಕೊಂಡು ಚಳಿ ಕಾಯಿಸುತ್ತಾ ಕೂತವಳು, ನಾನು ಹಂಡೆಗೆ ಲಕ್ಕಿ ಹಾಕುವುದನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು: "ಅವತ್ತು ಜಗಲಿಲಿ ಸರೋಜ ಕಡೀಗೆ ಒಂದು ಶಬ್ದ ಹೇಳಿತ್ತಲೇ. ಹೊಡೀತ ಹೇಳಿದ್ದು ಯಂಗೂ ಆಮೇಲೆ ಗೊತ್ತಾತು. ಆ ಕಡೇ ಶಬ್ದಕ್ಕೆ ಎಂತ ಅರ್ಥ?"

"ಈಗೀಗ ಅಂತ ಆಯಿ."

"ಈಗೀಗನಾ?" ಅಂದಳು. ಒಲೆಗೆ ಒಂದು ಕೊಳ್ಳಿ ಮುಂದೂಡಿದಳು.  "ಆನೇ ಸರೋಜನ ಹತ್ರ ಹಾಂಗೆ ಹೇಳಿದ್ದೆ. ಸಣ್ಣ ಕೂಸು, ಎಲ್ಲ ಹೇಳಲೆ ಬಾಯಿ ಬಂಜಿಲ್ಲೆ. ಆ ಮನೆಗೆ ಬಂದ ವರ್ಷವೇ ಆನು ಹಿತ್ಲಲ್ಲಿ ಲಕ್ಕಿ ನೆಟ್ಟಿದ್ದು, ಮೈಗೆ ಶಾಖ ಕೊಡಲೆ. ಅಲ್ಲಿವರೆಗೆ ನಿಂಗಳ ಅಪ್ಪಯ್ಯ ಕೈಯಲ್ಲೇ ಹೊಡೀತಿದ್ದ."

ನಿಜವಲ್ಲದ ವಾಕ್ಯಕ್ಕೆ ಚರ್ಮ ಸುಲಿಯುತ್ತಿದ್ದ ಮನುಷ್ಯ ಅವತ್ತು ಗೋಡೆ ನೋಡುತ್ತಾ ರೈಟ್ ಅಂದಿದ್ದ. ಆ ‘ಈಗೀಗ’ ಸುಳ್ಳು ಅಂತ ಆ ಜಗಲಿಯಲ್ಲಿ ಗೊತ್ತಿದ್ದವನು ಆತನೊಬ್ಬನೇ. ಗೊತ್ತಿದ್ದ ಇನ್ನೊಬ್ಬಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಕ ಇದನ್ನು ಕೇಳದೆ ಹೋದದ್ದೇ ಒಳ್ಳೆಯದಾಯಿತು. ಹಂಡೆ ಕುದಿಯಿತು, ಆ ವಾಸನೆ ಎದ್ದು ಮನೆಯ ತುಂಬ ಹರಡಿತು, ನನ್ನ ಮೊಟ್ಟಮೊದಲ ನೆನಪಿನಲ್ಲಿ, ಆಯಿಯ ಸೊಂಟದ ಮೇಲೆ ಕೂತು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದಾಗ ಬಂದ ಅದೇ ವಾಸನೆ. ನಾನು ಮಗಳನ್ನು ಮೀಯಲು ಕರೆದೆ.